ಹಿತ್ತಲಿಗೆ ಇಂಟರ್‌ಲಾಕ್: ಕಲ್ಲಿಗಿಂತ ಮೊದಲು ನೀರಿಗೆ ದಾರಿ

ಪ್ರಶ್ನೆ: ನಮ್ಮದು ಕುಮಟಾ–ಗೋಕರ್ಣ ನಡುವಿನ ಒಂದು ಹಳ್ಳಿ. ಮನೆಯ ಹಿಂದೆ ಸುಮಾರು 40 ಅಡಿ ಉದ್ದ, 25 ಅಡಿ ಅಗಲದ ಹಿತ್ತಲಿದೆ. ಎರಡು ತೆಂಗು, ಮೂಲೆಗೊಂದು ಹಲಸು, ಬಾವಿ, ಬಟ್ಟೆ ಒಗೆಯುವ ಕಲ್ಲು. ಹಿಂಬದಿಗೆ ಐದಾರು ಅಡಿ ಎತ್ತರದ ಧರೆ (ಕಡಿದಾದ ಮಣ್ಣಿನ ದಿಬ್ಬ). ಕೊಟ್ಟಿಗೆ ತೆಗೆದ ಮೇಲೆ ಆ ಕಡೆ ಹೋಗುವವರೇ ಇಲ್ಲ. ಮಳೆಗಾಲದಲ್ಲಿ ಕೆಸರು, ಹಾವಸೆ. ಬೇಸಿಗೆಯಲ್ಲಿ ದರಕು (ಉದುರಿದ ಒಣ ಎಲೆ), ಧೂಳು. ಹೋದ ವರ್ಷ ಆಯಿ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಕೈ ಮುರಿದುಕೊಂಡರು. ಸಂಜೆ ಹೊತ್ತು ನಾಲ್ಕು ಜನ ಕೂತು ಚಹಾ ಕುಡಿಯುವಂಥ ಜಾಗ ಮಾಡಿ, ಸುತ್ತ ಗಿಡ ನೆಡಬೇಕೆಂದು ಆಸೆ. ಒಬ್ಬ ಗುತ್ತಿಗೆದಾರರು ಇಡೀ ಹಿತ್ತಲಿಗೆ ಇಂಟರ್‌ಲಾಕ್ (ಒಂದಕ್ಕೊಂದು ಹೊಂದಿಸಿ ಹಾಸುವ ಕಾಂಕ್ರೀಟ್ ಕಲ್ಲು) ಹಾಕಿ ಎರಡು ದಿನದಲ್ಲಿ ಮುಗಿಸುತ್ತೇವೆ ಎನ್ನುತ್ತಾರೆ. ಇನ್ನೊಬ್ಬರು ಕಾಂಕ್ರೀಟೇ ಗಟ್ಟಿ ಎನ್ನುತ್ತಾರೆ. ಆದರೆ ಪಕ್ಕದ ಮನೆಯವರ ಇಂಟರ್‌ಲಾಕ್ ಎರಡೇ ಮಳೆಗಾಲಕ್ಕೆ ತಗ್ಗು ದಿಣ್ಣೆಯಾಗಿದೆ. ಬಾವಿಯ ಒರತೆ ಕಡಿಮೆಯಾದೀತೆ? ತೆಂಗಿನ ಬೇರು ಕಲ್ಲನ್ನು ಎಬ್ಬಿಸೀತೆ? ಸೆಕೆ ಹೆಚ್ಚಾದೀತೆ? ಏನು ಮಾಡಬೇಕೆಂದು ತಿಳಿಯುತ್ತಿಲ್ಲ.

ಉತ್ತರ: ನೀವು ನಾಲ್ಕೈದು ಪ್ರಶ್ನೆ ಕೇಳಿದ್ದೀರಿ. ಎಲ್ಲದರ ಅಡಿಯಲ್ಲಿ ಇರುವ ಹೆದರಿಕೆ ಒಂದೇ: ಕೂಡಿಟ್ಟ ದುಡ್ಡು ಎರಡು ಮಳೆಗೆ ಕೆಸರಲ್ಲಿ ಹೋದರೆ? ಪಕ್ಕದ ಮನೆಯ ಅಂಗಳ ಕಣ್ಣೆದುರಿಗೆ ಇರುವಾಗ ಆ ಹೆದರಿಕೆ ಸಹಜ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಕುಸಿದ ಇಂಟರ್‌ಲಾಕ್ ಅಂಗಳಗಳನ್ನು ನಾನು ಕಿತ್ತು ನೋಡಿದ್ದೇನೆ. ಹೊನ್ನಾವರದ ಕಡೆಯ ಒಂದು ಮನೆಯಲ್ಲಿ ಕಂಡದ್ದು ಇವತ್ತಿಗೂ ಕಣ್ಣಲ್ಲಿದೆ. ಆಗಸ್ಟ್ ತಿಂಗಳು, ಮಳೆ ಒಂದು ತಾಸು ಹೊಳವಾಗಿತ್ತು. ತಗ್ಗಾದ ಜಾಗದಲ್ಲಿ ಒಂದು ಕಲ್ಲನ್ನು ಗೂಟದಿಂದ ಮೀಟಿ ಎತ್ತಿದೆ. ಕಲ್ಲಿಗೆ ಒಂದು ಚೂರೂ ಏಟು ಬಿದ್ದಿರಲಿಲ್ಲ, ಅಂಚು ಹೊಸದರಂತೆ ಇತ್ತು. ಅದರ ಕೆಳಗೆ ಕೈ ಹಾಕಿದರೆ ಬೂದು ಬಣ್ಣದ ಗಂಜಿ, ಬೆರಳು ಗಿಣ್ಣಿನವರೆಗೆ ಇಳಿಯಿತು. ಜಲ್ಲಿ ಕ್ರಷರಿನ ಪುಡಿ ಅದು, ನೀರು ಕುಡಿದು ಹಾಗಾಗಿತ್ತು. ಅದರ ಕೆಳಗೆ ಮೇ ತಿಂಗಳಲ್ಲಿ ತುಂಬಿಸಿ ಮೇಲೆ ಮೇಲೆ ತುಳಿದು ಬಿಟ್ಟ ಕೆಂಪುಮಣ್ಣು. ಜಲ್ಲಿಯ ಪದರ ಇರಲೇ ಇಲ್ಲ. ಅಂಚಿಗೆ ಕಟ್ಟೆಯೂ ಇರಲಿಲ್ಲ. ಕಲ್ಲು ಒಳ್ಳೆಯದೇ ತಂದಿದ್ದರು, ಅದನ್ನು ಹೊರುವುದಕ್ಕೆ ಕೆಳಗೆ ಏನನ್ನೂ ಇಟ್ಟಿರಲಿಲ್ಲ. ನಿಮ್ಮ ಪಕ್ಕದ ಮನೆಯಲ್ಲೂ ಬಹುಮಟ್ಟಿಗೆ ಇದೇ ಆಗಿರಬೇಕು. ಎರಡು ದಿನದಲ್ಲಿ ಇಡೀ ಹಿತ್ತಲು ಮುಗಿಸುತ್ತೇವೆ ಎಂದವರ ಲೆಕ್ಕದಲ್ಲೂ ಆ ಕೆಳಗಿನ ಕೆಲಸ ಇಲ್ಲ. ಸರಿಯಾಗಿ ಮಾಡಿದರೆ ಅಗೆದು ದಮ್ಮಸು ಹೊಡೆಯುವುದಕ್ಕೇ ಅಷ್ಟು ದಿನ ಬೇಕು.

ನಮ್ಮ ಕರಾವಳಿಯ ಮಳೆಯನ್ನು ಒಮ್ಮೆ ಲೀಟರ್ ಲೆಕ್ಕದಲ್ಲಿ ನೋಡಿ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಿಮ್ಮ ಹಿತ್ತಲು 1,000 ಚದರ ಅಡಿ, ಅಂದರೆ 93 ಚದರ ಮೀಟರ್. ಅದರ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 2,80,000 ಲೀಟರ್. ಆಷಾಢದಲ್ಲಿ ಒಂದೇ ದಿನ 100 ಮಿಲಿಮೀಟರ್ ಸುರಿಯುವುದು ನಮಗೆ ಹೊಸತಲ್ಲ. ಆ ದಿನ ನಿಮ್ಮ ಹಿತ್ತಲಿಗೆ ಬೀಳುವುದು 9,000 ಲೀಟರಿಗೂ ಹೆಚ್ಚು, ಸಾವಿರ ಲೀಟರಿನ ಕಪ್ಪು ಟ್ಯಾಂಕು ಒಂಬತ್ತು ತಂದು ಸುರಿದ ಹಾಗೆ. ಮಾಡಿನಿಂದ ಇಳಿಯುವ ನೀರು, ಧರೆಯಿಂದ ಒಸರುವ ನೀರು ಬೇರೆ. ಇಷ್ಟು ನೀರು ಎಲ್ಲಿಂದ ಬರುತ್ತದೆ, ಯಾವ ಕಡೆ ಹೋಗುತ್ತದೆ ಎಂದು ನಿರ್ಧಾರವಾಗದೆ ಕಲ್ಲಿನ ಬಣ್ಣ ಆರಿಸಲು ಹೋಗಬೇಡಿ. ಗುತ್ತಿಗೆದಾರರಿಗೆ ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ. ‘ನೀರು ಎತ್ಲಾಗೆ ಹೋಗ್ತದೆ?’ ಎಂದು ಕೇಳಿ. ನಿಂತಲ್ಲೇ ಕೈ ತೋರಿಸಿ ಹೇಳಿದರೆ ಮಾತು ಮುಂದುವರಿಸಿ.

ಈಗ ನನ್ನ ಸಲಹೆ. ಇಡೀ ಹಿತ್ತಲಿಗೆ ಹಾಸು ಬೇಡ. ಅಡುಗೆಮನೆ ಬಾಗಿಲಿನೆದುರು 14 ಅಡಿಗೆ 14 ಅಡಿ ಜಾಗ, ಅಲ್ಲಿಂದ ಬಾವಿಗೆ ಮತ್ತು ಒಗೆಯುವ ಕಲ್ಲಿಗೆ 4 ಅಡಿ ಅಗಲದ ದಾರಿ, ಇಷ್ಟು ಸಾಕು. ಸುಮಾರು 300 ಚದರ ಅಡಿ ಆಗಬಹುದು. ಉಳಿದದ್ದು ಮಣ್ಣಾಗಿಯೇ ಇರಲಿ, ಗಿಡಕ್ಕೂ ನೀರಿಂಗುವುದಕ್ಕೂ. ಸಾವಿರ ಅಡಿಗೆ ತೆಳ್ಳಗೆ ಹರಡುವ ದುಡ್ಡನ್ನು ಮುನ್ನೂರು ಅಡಿಯ ಕೆಳಗೆ ಗಟ್ಟಿಯಾಗಿ ಹಾಕಿದರೆ ಅದು ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ.

ಕೊಟ್ಟಿಗೆ ಇದ್ದ ಜಾಗ ಎಂದಿರಿ. ಅದು ಮುಖ್ಯವಾದ ಮಾತು. ವರ್ಷಗಟ್ಟಲೆ ಸಗಣಿ, ಗಂಜಲ, ಸೊಪ್ಪು ಕೊಳೆತ ಕಪ್ಪುಮಣ್ಣು ಅಲ್ಲಿರುತ್ತದೆ. ಅದರ ಮೇಲೆ ಏನು ಹಾಕಿದರೂ ಇಳಿಯುತ್ತದೆ, ಏಕೆಂದರೆ ಅದು ಇನ್ನೂ ಕೊಳೆಯುತ್ತಲೇ ಇರುತ್ತದೆ. ಗಟ್ಟಿ ಕೆಂಪುನೆಲ ಸಿಗುವವರೆಗೆ ಅದನ್ನು ಪೂರ್ತಿ ತೆಗೆಸಿ. ಆದರೆ ಹೊರಗೆ ಎಸೆಯಬೇಡಿ. ದುಡ್ಡು ಕೊಟ್ಟರೂ ಸಿಗದ ಮಣ್ಣು ಅದು, ಗಿಡದ ಪಾತಿಗೆ ಅದೇ ಆಗಬೇಕು.

ನೆಲ ಮುಗಿಯುವ ಮಟ್ಟ ಅಡುಗೆಮನೆಯ ಪಾಯದ ಮೇಲ್ಮಟ್ಟಕ್ಕಿಂತ ಕನಿಷ್ಠ 6 ಇಂಚು ಕೆಳಗಿರಲಿ. ಇಲ್ಲದಿದ್ದರೆ ಗೋಡೆ ತೇವ ಎಳೆಯುತ್ತದೆ. ಆ ಮಟ್ಟದಿಂದ 10 ಇಂಚು ಆಳಕ್ಕೆ ಅಗೆಯಬೇಕು. ಅಗೆದ ತಳಕ್ಕೂ ಇಳಿಜಾರು ಇರಬೇಕು, ಮೇಲಿನ ಕಲ್ಲಿಗೆ ಮಾತ್ರ ಅಲ್ಲ. ಲೆಕ್ಕ ಸುಲಭ: 50 ಅಡಿಗೆ 1 ಅಡಿ. ನಿಮ್ಮ 14 ಅಡಿಗೆ ಮೂರೂವರೆ ಇಂಚು ಬರುತ್ತದೆ, ಮನೆಯಿಂದ ಆಚೆಗೆ. ಕಣ್ಣಂದಾಜು ಬೇಡ, ಲೆವೆಲ್ ಪೈಪು ಹಿಡಿದು ಗೂಟಕ್ಕೆ ದಾರ ಕಟ್ಟಿಸಿ. ಆಮೇಲೆ ತಳವನ್ನು ಕಾಂಪ್ಯಾಕ್ಟರ್ ಯಂತ್ರದಿಂದ ಗಟ್ಟಿ ಮಾಡಿ, ಅದರ ಮೇಲೆ ಜಿಯೊಟೆಕ್ಸ್‌ಟೈಲ್ ಬಟ್ಟೆ. ಇದು ನೀರನ್ನು ಬಿಡುತ್ತದೆ, ಮಣ್ಣನ್ನು ಬಿಡುವುದಿಲ್ಲ. ಇದರ ಬದಲು ಪ್ಲಾಸ್ಟಿಕ್ ಹಾಳೆ ಹಾಸಲು ಬಂದರೆ ಒಪ್ಪಬೇಡಿ, ಅದು ಕಲ್ಲಿನ ಅಡಿಯಲ್ಲಿ ಕೆರೆ ಕಟ್ಟಿದ ಹಾಗೆ. ಬಟ್ಟೆಯ ಮೇಲೆ ದಪ್ಪ ಸಣ್ಣ ಎಲ್ಲ ಬೆರೆತ ಜಲ್ಲಿ 6 ಇಂಚು. ಒಂದೇ ಸಲ ಸುರಿಯಬಾರದು. ಮೂರು ಇಂಚು ಹರಡಿ, ನೀರು ಚಿಮುಕಿಸಿ, ದಮ್ಮಸು ಹೊಡೆದು, ಮತ್ತೆ ಮೂರು ಇಂಚು. ಹಿಮ್ಮಡಿಯಲ್ಲಿ ಜೋರಾಗಿ ಒತ್ತಿದರೂ ಗುರುತು ಬೀಳದಿದ್ದರೆ ಆ ಪದರ ಮುಗಿಯಿತು ಎಂದು ಅರ್ಥ. ಅದರ ಮೇಲೆ ಒಂದೂವರೆ ಇಂಚು ತೊಳೆದ ದಪ್ಪ ಎಂ-ಸ್ಯಾಂಡ್ (ಕಲ್ಲು ಒಡೆದು ತಯಾರಿಸಿದ ಮರಳು), ಪಟ್ಟಿಯಿಂದ ಎಳೆದು ಸಮ ಮಾಡಿದ್ದು. ಕ್ರಷರ್ ಪುಡಿ ಬೇಡವೇ ಬೇಡ, ಅದು ಏನಾಗುತ್ತದೆ ಎಂದು ಮೇಲೆ ಹೇಳಿದೆ. ಹತ್ತಿರದಲ್ಲೇ ಕಡಲಿದೆ ಎಂದು ಕಡಲ ಮರಳು ತರುವುದೂ ಬೇಡ. ಅದರ ಉಪ್ಪು ಗೋಡೆಗೆ ಹತ್ತುತ್ತದೆ, ದಂಡೆಯಿಂದ ಮರಳು ತೆಗೆಯುವುದಕ್ಕೆ ಕಾನೂನೂ ಬಿಡುವುದಿಲ್ಲ.

ಕಲ್ಲು ಜೋಡಿಸಿದ ಮೇಲೆ ಸುತ್ತ ಅಂಚುಕಟ್ಟೆ. ಇಂಟರ್‌ಲಾಕ್ ಎಂಬ ಹೆಸರು ಕೇಳಿ ಕಲ್ಲುಗಳು ತಾವೇ ಒಂದನ್ನೊಂದು ಕಚ್ಚಿಕೊಂಡು ನಿಲ್ಲುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ. ಅಂಚು ಬಿಗಿಯಾಗಿದ್ದರೆ ಮಾತ್ರ ಆ ಕಚ್ಚುವಿಕೆ. ಒಂದು ಬದಿ ತೆರೆದಿಟ್ಟರೆ ಕೊನೆಯ ಸಾಲು ವರ್ಷಕ್ಕಿಷ್ಟು ಸರಿಯುತ್ತದೆ, ಸಂದು ಅಗಲವಾಗುತ್ತದೆ, ಮರಳು ತೊಳೆದು ಹೋಗುತ್ತದೆ. ನಿಮ್ಮಲ್ಲಿ ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ) ಸುಲಭವಾಗಿ ಸಿಗುತ್ತದೆ. ಅದನ್ನೇ ಕಾಂಕ್ರೀಟಿನಲ್ಲಿ ಅರ್ಧ ಹುಗಿದು ಅಂಚು ಮಾಡಿದರೆ ಚಂದವೂ ಹೌದು. ನೀರು ಇಳಿಯುವ ಕಡೆ ಮಾತ್ರ ಅದು ನೆಲಕ್ಕಿಂತ ಮೇಲೇಳದೆ ಸಮನಾಗಿರಲಿ. ಸಂದಿಗೆ ಒಣಗಿದ ನಯ ಮರಳು ಗುಡಿಸಿ ತುಂಬಿ, ಮೇಲಿಂದ ಯಂತ್ರ ಹೊಡೆದು, ಮತ್ತೆ ತುಂಬಬೇಕು. ಸಿಮೆಂಟ್ ಹಾಲು ಹೊಯ್ದರೆ ಗಟ್ಟಿ ಎನ್ನುವ ಮೇಸ್ತ್ರಿಗಳಿದ್ದಾರೆ. ಅದು ಒಂದೆರಡು ವರ್ಷದಲ್ಲಿ ಸಣ್ಣಗೆ ಬಿರುಕು ಬಿಡುತ್ತದೆ. ಬಿರುಕಿನಿಂದ ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿ ಇರುವುದಿಲ್ಲ. ನಾಳೆ ಪೈಪು ಒಡೆದರೆ ಕಲ್ಲನ್ನು ಇಡಿಯಾಗಿ ಎತ್ತಿ ಮತ್ತೆ ಕೂರಿಸುವ ಅನುಕೂಲವೂ ಹೋಗುತ್ತದೆ.

ಆಯಿ ಬಿದ್ದ ವಿಷಯ ಓದಿ ನನಗೆ ಮೊದಲು ನೆನಪಾದದ್ದು ಕಲ್ಲಿನ ಮೈ. ಪೇಟೆಯಲ್ಲಿ ಎರಡು ಬಗೆ ಸಿಗುತ್ತದೆ. ರಬ್ಬರ್ ಅಚ್ಚಿನಲ್ಲಿ ಹೊಯ್ದು ತೆಗೆದದ್ದು ಕನ್ನಡಿಯಂತೆ ಹೊಳೆಯುತ್ತದೆ. ಅಂಗಡಿಯಲ್ಲಿ ಕಣ್ಣು ಅದರ ಮೇಲೇ ಹೋಗುತ್ತದೆ. ನಮ್ಮ ಮಳೆಯಲ್ಲಿ, ಅದರಲ್ಲೂ ಮರದ ನೆರಳಿರುವ ಹಿತ್ತಲಲ್ಲಿ, ಅದು ಅಪಾಯ. ಯಂತ್ರದಲ್ಲಿ ಒತ್ತಿ ತೆಗೆದದ್ದರ ಮೈ ತರಿತರಿ, ಹೊಳಪಿಲ್ಲ. ಅದನ್ನೇ ತನ್ನಿ. ಭಾರತೀಯ ಮಾನಕ ಐಎಸ್ 15658 ಪ್ರಕಾರ ಬರೀ ಓಡಾಟದ ಜಾಗಕ್ಕೆ 50 ಮಿ.ಮೀ. ದಪ್ಪ ಸಾಕು. ನಾನು 60 ಮಿ.ಮೀ. ಹೇಳುತ್ತೇನೆ, ಏಕೆಂದರೆ ಒಂದಲ್ಲ ಒಂದು ದಿನ ಯಾರಾದರೂ ಅಲ್ಲಿ ಬೈಕ್ ನಿಲ್ಲಿಸಿಯೇ ನಿಲ್ಲಿಸುತ್ತಾರೆ. ಅದೇ ಮಾನಕ ಕಲ್ಲು ಕುಡಿಯುವ ನೀರು ಸರಾಸರಿ ಶೇ. 6 ದಾಟಬಾರದು ಎನ್ನುತ್ತದೆ. ಪ್ರಯೋಗಾಲಯ ಬೇಡ, ಮನೆಯಲ್ಲೇ ಅಂದಾಜು ಸಿಗುತ್ತದೆ. 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ, 60 ಮಿ.ಮೀ. ದಪ್ಪದ ಕಲ್ಲು ಮೂರು ಕಿಲೊ ಹತ್ತಿರ ತೂಗಬೇಕು. ಚೆನ್ನಾಗಿ ಬಿಸಿಲಿಗೆ ಒಣಗಿಸಿ ತೂಗಿ, ಒಂದು ದಿನ ಬಾಲ್ದಿಯ ನೀರಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. 170–180 ಗ್ರಾಂಗಿಂತ ಹೆಚ್ಚು ಏರಿದರೆ ಆ ಲೋಡು ಬೇಡ ಎನ್ನಿ. ನೀರು ಕುಡಿಯುವ ಕಲ್ಲಿಗೆ ಹಾವಸೆ ಬೇಗ ಹತ್ತುತ್ತದೆ, ಅಂಚೂ ಬೇಗ ಉದುರುತ್ತದೆ.

ಹಾಸು ಎಷ್ಟೇ ಒಳ್ಳೆಯದಿರಲಿ, ಅಡುಗೆಮನೆ ಬಾಗಿಲಿನಿಂದ ಬಾವಿಯವರೆಗೆ ಒಂದು ಬದಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಕೈಹಿಡಿ ಹಾಕಿಸಿ. ಇಡೀ ಕೆಲಸದಲ್ಲಿ ಅಗ್ಗದ ಭಾಗ ಅದು, ಆಯಿಗೆ ದಿನಾ ಬೇಕಾಗುವುದೂ ಅದೇ.

ಇನ್ನು ನೀವು ಕೇಳಿದ ಮಾತುಗಳು. ತೆಂಗಿನ ಬೇರು ಕಲ್ಲನ್ನು ಎಬ್ಬಿಸುತ್ತದೆ ಎನ್ನುವುದು ಅಷ್ಟಾಗಿ ನಿಜವಲ್ಲ. ತೆಂಗಿಗೆ ತಾಯಿಬೇರು ಇಲ್ಲ. ಬುಡದಿಂದ ಬೆರಳುಗಾತ್ರದ ಬೇರುಗಳು ಸಾವಿರಾರು ಹೊರಡುತ್ತವೆ, ಅವು ಬೇರೆ ಮರದ ಬೇರಿನಂತೆ ದಪ್ಪವಾಗುತ್ತ ಹೋಗುವುದಿಲ್ಲ. ತೊಂದರೆ ಆಗುವುದು ತೆಂಗಿಗೇ. ಅದು ಉಣ್ಣುವ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ 2 ಮೀಟರ್ ಒಳಗೆ ಇರುತ್ತವೆ. ಅದಕ್ಕೇ ಬುಡದ ಸುತ್ತ 6 ಅಡಿ ಮಣ್ಣು ಬಿಡಿ, ಗೊಬ್ಬರದ ಪಾತಿಗೂ ಅದೇ ಅಳತೆ. ಹಲಸು ಹಾಗಲ್ಲ. ಅದರ ಬೇರು ವರ್ಷ ವರ್ಷ ದಪ್ಪವಾಗುತ್ತದೆ, ಮೇಲಿದ್ದದ್ದನ್ನು ಎತ್ತುತ್ತದೆ. ಹಾಸು ಅದರಿಂದ 10–12 ಅಡಿಯಾದರೂ ದೂರ ಇರಲಿ. ಅಡ್ಡ ಬಂತೆಂದು ದಪ್ಪ ಬೇರು ಕಡಿಸಿದರೆ ಗಾಳಿಮಳೆಯಲ್ಲಿ ಮರವೇ ಮನೆ ಮೇಲೆ ಬಂದೀತು. ಕೂರುವ ಜಾಗವೂ ತೆಂಗಿನ ನೇರ ಕೆಳಗೆ ಬೇಡ, ಕಾಯಿ ಬಿದ್ದೀತು. ತೆಂಗಿನ ಗರಿ ಬಿದ್ದರೂ ಸಣ್ಣ ಪೆಟ್ಟಲ್ಲ.

ಬಾವಿಯ ವಿಷಯದಲ್ಲಿ ಎರಡೂ ಕಡೆಯ ಮಾತು ಅರ್ಧರ್ಧ ಸತ್ಯ. ಇಂಟರ್‌ಲಾಕ್ ಹಾಕಿದರೆ ನೀರಿಂಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಸಾಮಾನ್ಯ ಇಂಟರ್‌ಲಾಕ್‌ನಲ್ಲಿ ನೀರು ಇಳಿಯುವುದು ಸಂದಿಯಲ್ಲಿ ಮಾತ್ರ, ಅದೂ ದರಕಿನ ಪುಡಿ ತುಂಬಿದಂತೆ ಕಡಿಮೆಯಾಗುತ್ತದೆ. ಹಾಗೆಂದು 300 ಅಡಿ ಹಾಸಿದ ಮಾತ್ರಕ್ಕೆ ಬಾವಿ ಬತ್ತುವುದಿಲ್ಲ. ಸುತ್ತಲಿನ ಗುಡ್ಡ, ಗದ್ದೆ, ತೋಟದಲ್ಲಿ ಇಂಗಿದ್ದೇ ಒರತೆಯಾಗಿ ಬರುವುದು. ನನ್ನ ಚಿಂತೆ ಬೇರೆ. ಹಾಸಿನ ಮೇಲೆ ಹರಿದ ಕೊಳೆನೀರು ಬಾವಿಯ ಕಡೆ ತಿರುಗಬಾರದು. ಬಾವಿಕಟ್ಟೆಯ ಸುತ್ತ 4 ಅಡಿ ಹೊರಕ್ಕೆ ಇಳಿಜಾರು ಮಾಡಿ, ಅಲ್ಲಿ ಮಾತ್ರ ಒರಟು ಕಾಂಕ್ರೀಟು ಹಾಕಿಸಿ.

ಸೆಕೆಯ ಮಾತು ನಿಜ. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲಲಾಗದಷ್ಟು ಕಾಯುತ್ತದೆ, ಕಪ್ಪು ಕೆಂಪು ಬಣ್ಣ ಇನ್ನೂ ಹೆಚ್ಚು. ತಿಳಿ ಬೂದು ಆರಿಸಿ. ಹಪ್ಪಳ, ಸಂಡಿಗೆ ಒಣಗಿಸುವವರಿಗೆ ಆ ಕಾವೇ ವರ, ಕೆಳಗೆ ಚಾಪೆಯೋ ಬಟ್ಟೆಯೋ ಹಾಸಿಕೊಂಡರಾಯಿತು. ಮೊದಲ ವರ್ಷ ಕಲ್ಲಿನ ಮೇಲೆ ಬಿಳಿ ಬೂಷ್ಟಿನಂತೆ ಏನೋ ಎದ್ದರೆ ಗಾಬರಿ ಬೀಳಬೇಡಿ. ಸಿಮೆಂಟಿನೊಳಗಿನ ಸುಣ್ಣ ನೀರಿನೊಂದಿಗೆ ಮೇಲೆ ಬಂದು ಗಾಳಿಗೆ ಗಟ್ಟಿಯಾದದ್ದು ಅದು. ಒಂದೆರಡು ಮಳೆಗಾಲಕ್ಕೆ ತಾನಾಗಿ ಹೋಗುತ್ತದೆ. ಆಸಿಡ್ ಹಾಕಿ ತೊಳೆದರೆ ಕಲ್ಲಿನ ಮೈಯೇ ಹೋಗುತ್ತದೆ.

ಬೇರೆ ದಾರಿಗಳ ಬಗ್ಗೆ. ಕಾಂಕ್ರೀಟೇ ಗಟ್ಟಿ ಎಂದವರು ಸುಳ್ಳು ಹೇಳಿಲ್ಲ. ಸರಳು ಕಟ್ಟಿ, ಹತ್ತು ಅಡಿಗೊಂದು ಸೀಳು ಬಿಟ್ಟು, ಒರಟು ಮೈ ಕೊಟ್ಟರೆ ಅದೂ ಬಾಳುತ್ತದೆ. ಆದರೆ ಅದರ ಕೆಳಗೂ ಇದೇ ಜಲ್ಲಿಯ ಪದರ ಬೇಕು. ಒಮ್ಮೆ ಇಳಿದರೆ ಒಡೆದು ತೆಗೆಯುವುದೊಂದೇ ಗತಿ. ಧೂಳಿಲ್ಲದ ಜಲ್ಲಿಯನ್ನೇ ಪದರ ಪದರವಾಗಿ ಹಾಕಿ, ಅಗಲ ಸಂದಿನ ಕಲ್ಲು ಜೋಡಿಸಿ ನೀರನ್ನು ಪೂರ್ತಿ ಒಳಗೇ ಇಳಿಸುವ ವಿಧಾನ ಒಂದಿದೆ. ಗಟ್ಟಿ ಚಿರೆನೆಲದಲ್ಲಿ ನನಗೆ ಅದು ಬಹಳ ಇಷ್ಟ. ನಿಮ್ಮಲ್ಲಿ ಬೇಡ ಎನ್ನುತ್ತೇನೆ, ಕಾರಣ ಆ ಧರೆ. ನಮ್ಮ ಕಡೆ ಚಿರೆಕಲ್ಲಿನ ಕೆಳಗೆ ಬಹಳ ಕಡೆ ಶೇಡಿಮಣ್ಣು ಇರುತ್ತದೆ. ಒಣಗಿದಾಗ ಕತ್ತಿಯಲ್ಲಿ ಕೆತ್ತುವಷ್ಟು ಬಿಗಿ, ನೆನೆದರೆ ಸಾಬೂನು. ನೆನೆದ ಗುಡ್ಡ ಏನು ಮಾಡಬಲ್ಲದು ಎಂಬುದನ್ನು 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಇಡೀ ಜಿಲ್ಲೆ ಕಂಡಿದೆ. ನಿಮ್ಮದು ಐದಾರು ಅಡಿಯ ಧರೆ, ಹೋಲಿಕೆ ಹೆದರಿಸಲಿಕ್ಕಲ್ಲ. ಆದರೆ ಜಾಗ ಹೆಚ್ಚಲಿ ಎಂದು ಅದರ ಬುಡ ಕಡಿಸಬೇಡಿ. ಈ ಒಂದು ಮಾತನ್ನು ದಯವಿಟ್ಟು ಕೇಳಿ. ಬುಡದಿಂದ 3 ಅಡಿ ಬಿಟ್ಟು ಒಂದು ಚರಂಡಿ ತೆಗೆಸಿ, ಧರೆಯ ನೀರು ಹಾಸಿನ ಕಡೆ ಬರುವ ಮೊದಲೇ ಅದರಲ್ಲಿ ಪಕ್ಕಕ್ಕೆ ಹೋಗಲಿ. ಧರೆಯ ಮೈಗೆ ಸಾಲಾಗಿ ಲಾವಂಚ ನೆಡಿ, ಅದರ ಬೇರು ಆಳಕ್ಕೆ ನೇರ ಇಳಿದು ಮಣ್ಣು ಹಿಡಿಯುತ್ತದೆ. ಈಗಾಗಲೇ ಬಿರುಕು ಕಂಡಿದ್ದರೆ ಗಿಡ ಸಾಲದು, ಎಂಜಿನಿಯರ್ ಒಬ್ಬರಿಗೆ ತೋರಿಸಿ ಆಮೇಲೆಯೇ ಉಳಿದ ಕೆಲಸ.

ಇಂಟರ್‌ಲಾಕ್ ಮನಸ್ಸಿಗೆ ಒಗ್ಗದಿದ್ದರೆ ಒರಟು ಶಿಲೆಕಲ್ಲಿನ ಚಪ್ಪಡಿ ಇದೆ. ಭಾರ ಹೆಚ್ಚು, ಕೂರಿಸಲು ಕೈ ಪಳಗಿದವರು ಬೇಕು, ಆದರೆ ಎಷ್ಟು ಮಳೆ ಬಂದರೂ ಹಾಗೇ ಇರುತ್ತದೆ. ಹಳೆಯ ಮನೆಗಳಲ್ಲಿ ಮಾಡಿನ ನೀರು ಬೀಳುವ ಸಾಲಿಗೆ ಅದನ್ನೇ ಹಾಸಿದ್ದು ನೋಡಿರುತ್ತೀರಿ. ಆ ಸಾಲಿನಲ್ಲಿ ಇಂಟರ್‌ಲಾಕ್ ಹಾಕಿದರೆ ಮೇಲಿಂದ ಬೀಳುವ ಧಾರೆ ಸಂದಿಯ ಮರಳನ್ನು ಕೊರೆದು ತೆಗೆಯುತ್ತದೆ. ಒಂದೂವರೆ ಅಡಿ ಅಗಲಕ್ಕೆ ಚಪ್ಪಡಿಯನ್ನೋ ದಪ್ಪ ಜಲ್ಲಿಯನ್ನೋ ಹಾಕಿ ಬಿಡಿ. ಚಿರೆಕಲ್ಲನ್ನು ನೆಲಕ್ಕೆ ಹಾಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅದರ ತೂತು ತೂತು ಮೈ ನೀರು ಹಿಡಿದಿಟ್ಟುಕೊಂಡು ಜುಲೈ ಹೊತ್ತಿಗೆ ಹಸಿರಾಗಿರುತ್ತದೆ.

ಗಿಡಕ್ಕೆ ನರ್ಸರಿಯಿಂದ ಹುಲ್ಲಿನ ಚಾಪೆ ತರುವುದು ಬೇಡ. ಹಲಸಿನ ನೆರಳು, ನಾಲ್ಕು ತಿಂಗಳ ನೀರು, ಆಮೇಲೆ ನಾಲ್ಕು ತಿಂಗಳ ಒಣ. ಇಲ್ಲಿ ಅದು ಬಾಳಬೇಕಾದರೆ ನೀವು ಅದರ ಚಾಕರಿಗೇ ನಿಲ್ಲಬೇಕು. ಚರಂಡಿಯ ಅಂಚಿನ ತೇವಕ್ಕೆ ಒಂದೆಲಗ ಹಬ್ಬಿಸಿ, ತಂಬುಳಿಗೂ ಆಯಿತು. ಹಲಸಿನ ಅಡಿಯಲ್ಲಿ ಅರಿಶಿನ, ಶುಂಠಿ. ಬಿಸಿಲು ಬರುವ ಕಡೆ ಕೇಪಳ, ದಾಸವಾಳ, ಅಬ್ಬಲಿಗೆ. ಕೂರುವ ಜಾಗದ ಪಕ್ಕಕ್ಕೆ ಒಂದು ಪಾರಿಜಾತ ಇರಲಿ, ತೆಳು ಬೇರಿನ ಗಿಡ, ಬೆಳಗ್ಗೆ ಬಾಗಿಲು ತೆರೆದರೆ ಬೂದು ಕಲ್ಲಿನ ಮೇಲೆ ಹೂವು ಬಿದ್ದಿರುತ್ತದೆ. ಮರವೇ ಬೇಕೆಂದರೆ ಮುರುಗಲು (ಕೋಕಂ) ನೆಡಿ, ಹಾಸಿನಿಂದ 12 ಅಡಿ ದೂರ. ಕೊಟ್ಟಿಗೆಯ ಕಪ್ಪುಮಣ್ಣು ಇವಕ್ಕೆಲ್ಲ ಸಾಕಾಗಿ ಉಳಿಯುತ್ತದೆ. ಹಾವಿನ ಭಯವಿದ್ದರೆ ಹಳೆಯ ಕಲ್ಲಿನ ರಾಶಿ, ತೆಂಗಿನ ಸಿಪ್ಪೆಯ ರಾಶಿ ಮನೆಯ ಹತ್ತಿರ ಇಡಬೇಡಿ. ಅವು ಅಡಗುವುದು ಅಲ್ಲಿ.

ನೋಡಿಕೊಳ್ಳುವ ಕೆಲಸ ದೊಡ್ಡದಲ್ಲ, ಆದರೆ ಇದೆ. ದರಕನ್ನು ವಾರಕ್ಕೊಮ್ಮೆ ಗುಡಿಸಬೇಕು, ಅದು ಸಂದಿಯಲ್ಲಿ ಕೊಳೆತೇ ಕಳೆ ಹುಟ್ಟುವುದು, ಬೀಜ ಬರುವುದು ಮೇಲಿಂದ. ಶ್ರಾವಣದಲ್ಲಿ ಮಳೆ ಬಿಟ್ಟ ದಿನ ತೆಂಗಿನ ಕಡ್ಡಿಯ ಪೊರಕೆಯಿಂದ ಹಾವಸೆ ಉಜ್ಜಿ ತೆಗೆಯಿರಿ. ಬ್ಲೀಚಿಂಗ್ ಪುಡಿ ಎರಚಿದರೆ ಅದು ಇಳಿಯುವುದು ನಿಮ್ಮ ಗಿಡಕ್ಕೂ ಬಾವಿಗೂ. ಮೊದಲ ಮಳೆಗಾಲ ಕಳೆದ ಮೇಲೆ ಸಂದಿಗೆ ಇನ್ನೊಮ್ಮೆ ಮರಳು ತುಂಬಿಸಿ. ಈ ಮಾತನ್ನು ಗುತ್ತಿಗೆಯ ಕಾಗದದಲ್ಲೇ ಬರೆಸಿಕೊಳ್ಳಿ, ಪದರದ ದಪ್ಪಗಳ ಜೊತೆಗೆ. ಜಲ್ಲಿ ಹಾಕುವ ದಿನ ನೀವೇ ಟೇಪು ಹಿಡಿದು ನಿಲ್ಲಿ, ಮುಚ್ಚಿದ ಮೇಲೆ ಅಳೆಯಲು ಬರುವುದಿಲ್ಲ.

ಕೆಲಸ ದೀಪಾವಳಿ ಕಳೆದ ಮೇಲೆ ಶುರುವಾಗಲಿ, ಮಾರ್ಚ್ ಒಳಗೆ ಮುಗಿಯಲಿ. ಮೇ ತಿಂಗಳ ಅವಸರದ ಕೆಲಸವನ್ನು ಒಪ್ಪಬೇಡಿ. ಅದಕ್ಕಿಂತ ಮೊದಲು ನೀವು ಮಾಡಬೇಕಾದ್ದು ಒಂದಿದೆ. ಜೋರು ಮಳೆ ಬರುವಾಗ ಕೊಡೆ ಹಿಡಿದು ಹಿತ್ತಲ ಬಾಗಿಲಲ್ಲಿ ಅರ್ಧ ತಾಸು ನಿಲ್ಲಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ, ಮಾಡಿನ ಧಾರೆ ಎಲ್ಲಿ ಬೀಳುತ್ತದೆ, ಧರೆಯ ಯಾವ ಜಾಗದಲ್ಲಿ ಒಸರುತ್ತದೆ ನೋಡಿ. ಮಳೆ ಹೊಳವಾದ ಕೂಡಲೇ ಅಲ್ಲೆಲ್ಲ ಒಂದೊಂದು ಕೋಲು ಹುಗಿದು ಫೋಟೊ ತೆಗೆದಿಡಿ. ಮೇಸ್ತ್ರಿ ಬರುವಾಗ ನೆಲ ಒಣಗಿ ಎಲ್ಲ ಒಂದೇ ಥರ ಕಾಣುತ್ತಿರುತ್ತದೆ. ದಾರ ಕಟ್ಟುವ ಮೊದಲು ಆ ಫೋಟೊ ಅವರ ಕೈಗೆ ಕೊಡಿ.